ಜೊತೆಗಾರರ ಶೋ ಚೆನ್ನಾಗಿರಲಿಲ್ಲ ಅಂತ ಎಲ್ಲರೆದುರು ಹೇಳುವುದು ಹೇಗೆ?

ಬೆಂಗಳೂರಿನ ಇಂಪ್ರೊವ್ ಕಾಮಿಡಿ (ಸ್ಕ್ರಿಪ್ಟ್ ಇಲ್ಲದೆ ಸ್ಟೇಜ್ ಮೇಲೆಯೇ ಕಟ್ಟಿ ಆಡುವ ಹಾಸ್ಯ) ಬಳಗ ಚಿಕ್ಕದು. ಶುಕ್ರವಾರ ಇಂದಿರಾನಗರದ ಯಾವುದೋ ಕೆಫೆಯ ಮಹಡಿಯಲ್ಲಿ ಆಡಿದವರೇ ಭಾನುವಾರ ಜೆ.ಪಿ. ನಗರದಲ್ಲಿ ಇನ್ನೊಂದು ತಂಡದ ಶೋಗೆ ಪ್ರೇಕ್ಷಕರಾಗಿ ಕೂತಿರುತ್ತಾರೆ. ಕನ್ನಡದಲ್ಲಿ ಆಡುವವರನ್ನು ಮಾತ್ರ ಲೆಕ್ಕ ಹಾಕಿದರೆ ಬಳಗ ಇನ್ನೂ ಚಿಕ್ಕದು. ಇಲ್ಲಿ ಯಾರ ಬಗ್ಗೆ ಏನು ಬರೆದರೂ ಸ್ಕ್ರೀನ್‌ಶಾಟ್ ಅರ್ಧ ಗಂಟೆಯಲ್ಲಿ ಅವರ ಕೈ ಸೇರಿರುತ್ತದೆ.

ಹಾಗಂತ ಬಾಯಿ ಮುಚ್ಚಿಕೊಂಡಿರಿ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ನಮ್ಮಲ್ಲಿ ಟೀಕೆಗೇನೂ ಬರ ಇಲ್ಲ. ಬಾಗಿಲ ಹತ್ತಿರ 'ಸೂಪರ್ ಮಗಾ, ಸಕ್ಕತ್ತಾಗಿತ್ತು' ಅಂತ ಅಪ್ಪಿಕೊಳ್ಳುತ್ತೇವೆ. ಹತ್ತು ನಿಮಿಷಕ್ಕೆ ಟೀ ಅಂಗಡಿ ಮುಂದೆ ನಿಂತು ಅದೇ ಶೋವನ್ನು ಹರಿದು ಹಾಕುತ್ತೇವೆ. ಮಧ್ಯರಾತ್ರಿ ಒಂದು ಸ್ಟೇಟಸ್ ಬೀಳುತ್ತದೆ: 'ಕೆಲವರಿಗೆ ಸ್ಟೇಜ್ ಅಂದ್ರೆ ಅವರಪ್ಪನ ಆಸ್ತಿ.' ಈ 'ಕೆಲವರು' ಇದ್ದಾರಲ್ಲ, ಅಲ್ಲೇ ಇರುವುದು ತೊಂದರೆ. ಬರೆದದ್ದು ಒಬ್ಬರಿಗೆ, ಚುಚ್ಚಿದ್ದು ಹತ್ತು ಜನಕ್ಕೆ. ಯಾರಿಗೆ ತಾಗಬೇಕಿತ್ತೋ ಅವರು 'ನನಗಲ್ಲ ಬಿಡು' ಅಂದುಕೊಂಡು ಲೈಕ್ ಒತ್ತಿರುತ್ತಾರೆ.

ನನ್ನ ಲೆಕ್ಕದಲ್ಲಿ ಹೆಸರು ಹಿಡಿಯದ ಟೀಕೆ ಅತ್ಯಂತ ಕೆಟ್ಟ ಟೀಕೆ. ಎಲ್ಲರೆದುರು ಹೇಳುವ ಮಾತಾದರೆ ಹೆಸರು ಹೇಳಿ, ಕಂಡದ್ದನ್ನು ವಿವರಿಸಿ. ಹೆಸರು ಹಾಕಲು ಕೈ ಬರುತ್ತಿಲ್ಲ ಅಂದರೆ ಅದು ಒಬ್ಬರ ಜೊತೆ ಕೂತು ಆಡಬೇಕಾದ ಮಾತು. ಎಲ್ಲರೆದುರು ಹೆಸರು ಹಿಡಿದು ಟೀಕಿಸುವ ದಾರಿ ಹೀಗೆ.

ಮೊದಲು: ನಿಮ್ಮ ಸಿಟ್ಟು ಯಾವುದರ ಮೇಲೆ?

ಟಿಕೆಟ್ ಇಟ್ಟು ಮಾಡಿದ ಶೋ ಬಗ್ಗೆ ಎಲ್ಲರೆದುರು ಮಾತಾಡಬಹುದು. ಜನ ದುಡ್ಡು ಕೊಟ್ಟಿದ್ದಾರೆ, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿಕೊಂಡು ಬಂದಿದ್ದಾರೆ. ಏಳೂವರೆಗೆ ಅಂತ ಹೇಳಿ ಎಂಟೂಕಾಲಿಗೆ ಶುರು ಮಾಡಿದರೆ ಅದನ್ನು ಬರೆಯಲು ಯಾರ ಅನುಮತಿಯೂ ಬೇಡ. ರಂಗಶಂಕರ ನಾಟಕಮಂದಿರದಲ್ಲಿ ತಡವಾಗಿ ಬಂದವರಿಗೆ ಬಾಗಿಲು ತೆರೆಯುವುದಿಲ್ಲ. ಆ ಶಿಸ್ತಿಗೆ ಒಗ್ಗಿದ ಊರಿನ ಪ್ರೇಕ್ಷಕರನ್ನು ನಾವು ಕಾಯಿಸಬಾರದು.

ವರ್ಕ್‌ಶಾಪ್ ಮುಗಿಸಿದವರ ಮೊದಲ ಪ್ರದರ್ಶನ ಬೇರೆ. ಯಾರು ಬೇಕಾದರೂ ಸ್ಟೇಜ್ ಹತ್ತುವ ಜಾಮ್ ಕೂಡ ಬೇರೆ. ಅಲ್ಲಿ ಜನ ಬಿದ್ದು ಏಳುವುದಕ್ಕೇ ಬಂದಿರುತ್ತಾರೆ. ಅದರ ಬಗ್ಗೆ ಬರೆಯಬೇಡಿ. ರಿಹರ್ಸಲ್‌ನಲ್ಲಿ ನಡೆದದ್ದನ್ನೂ ಹೊರಗೆ ತರಬೇಡಿ. ಕಬ್ಬನ್ ಪಾರ್ಕಿನಲ್ಲಿ ಪ್ರಾಕ್ಟೀಸ್ ಮಾಡಿದ ಮಾತ್ರಕ್ಕೆ ಅದು ಸಾರ್ವಜನಿಕ ಪ್ರದರ್ಶನ ಆಗುವುದಿಲ್ಲ.

ಇನ್ನೊಂದು ವಿಷಯ ನೋಡಿಕೊಳ್ಳಿ: ನೀವು ಯಾರು, ಅವರು ಯಾರು? ಹತ್ತು ವರ್ಷದಿಂದ ಆಡುತ್ತಿರುವವರು, ಕ್ಲಾಸ್ ನಡೆಸುವವರು, ಆರು ತಿಂಗಳಿಂದ ಆಡುತ್ತಿರುವ ಹುಡುಗನ ಬಗ್ಗೆ ಹೆಸರು ಹಿಡಿದು ಬರೆದರೆ ಆ ಹುಡುಗನಿಗೆ ಈ ಊರಿನಲ್ಲಿ ಇನ್ನೊಂದು ಶೋ ಸಿಗದೇ ಹೋಗಬಹುದು. ಹುಡುಗ ಹಿರಿಯರ ಬಗ್ಗೆ ಬರೆದರೆ ಹಿರಿಯರಿಗೆ ಹೆಚ್ಚೆಂದರೆ ಒಂದು ರಾತ್ರಿ ನಿದ್ದೆ ಬರಲಿಕ್ಕಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಸೀನ್ ಸತ್ತದ್ದು ಯಾರಿಂದ ಅಂತ ಎರಡು ಸಲ ಯೋಚಿಸಿ

ನಾಟಕಕ್ಕೆ ಸ್ಕ್ರಿಪ್ಟ್ ಇದೆ. ನೀವು ಬರೆದದ್ದು ಸರಿಯೋ ತಪ್ಪೋ ಅಂತ ಓದಿದವರು ಮುಂದಿನ ಪ್ರದರ್ಶನಕ್ಕೆ ಹೋಗಿ ನೋಡಬಹುದು. ಇಂಪ್ರೊವ್‌ನಲ್ಲಿ ಆ ಸೌಲಭ್ಯ ಇಲ್ಲ. ನಿನ್ನೆಯ ಸೀನ್ ನಿನ್ನೆಗೇ ಮುಗಿಯಿತು. ಅದನ್ನು ನೋಡದವರಿಗೆ ನೀವು ಬರೆದದ್ದೇ ಸಾಕ್ಷಿ. ಆದ್ದರಿಂದ 'ಬೋರಿಂಗ್', 'ಚೀಪ್' ಅಂತ ತೀರ್ಪು ಕೊಡುವ ಮೊದಲು ಏನು ನಡೆಯಿತು ಅಂತ ಹೇಳುವ ಹೊಣೆ ನಿಮ್ಮ ಮೇಲಿದೆ.

ಎರಡನೆಯದು, ಇಲ್ಲಿ ತಪ್ಪು ಒಬ್ಬರದ್ದೇ ಆಗುವುದು ಅಪರೂಪ. ಒಬ್ಬರು ಒಂದು ಆಫರ್ ಇಡುತ್ತಾರೆ. ಅಂದರೆ 'ಅಮ್ಮ, ನಾನು ಕೆಲಸ ಬಿಟ್ಟೆ' ಅನ್ನುವಂಥ, ಸೀನ್ ಮುಂದೆ ಹೋಗಲು ಆಧಾರವಾಗುವ ಒಂದು ಸಂಗತಿ. ಎದುರಿನವರು ಅದನ್ನು ಎತ್ತಿಕೊಳ್ಳಬೇಕು. ಎತ್ತಿಕೊಳ್ಳದೆ ಜೋಕ್ ಹೊಡೆದು ದಾಟಿದರೆ ಸೀನ್ ಅಲ್ಲೇ ಕುಸಿಯುತ್ತದೆ. ಆಗ ಮೂರನೆಯವರು ಓಡಿ ಬಂದು ಗದ್ದಲ ಮಾಡಿ ಎಬ್ಬಿಸಲು ನೋಡುತ್ತಾರೆ. ನೋಡುವವರ ಕಣ್ಣಿಗೆ ಸೀನ್ ನುಂಗಿದ್ದು ಆ ಮೂರನೆಯವರು. ನಿಜವಾಗಿ ಅವರು ಕಾಪಾಡಲು ಬಂದವರು.

ನೀವೂ ಆಡುವವರಾಗಿದ್ದರೆ ಇದು ನಿಮಗೆ ಕಾಣಬೇಕು. ಕಾಣದಿದ್ದರೆ ಶೋ ನೋಡಿದ ಇನ್ನೊಬ್ಬ ಆಟಗಾರರನ್ನು ಕೇಳಿ. ಮೊಬೈಲಿನಲ್ಲಿ ಹಿಡಿದ ಇಪ್ಪತ್ತು ಸೆಕೆಂಡಿನ ತುಣುಕನ್ನು ನಂಬಬೇಡಿ, ಹಂಚಲೂ ಬೇಡಿ. ಅದರಲ್ಲಿ ಹಿಂದಿನ ಐದು ನಿಮಿಷ ಇರುವುದಿಲ್ಲ.

ಒಂದು ಶೋ ಕೆಟ್ಟದ್ದಕ್ಕೂ, ಒಂದು ಚಾಳಿ ಕಾಣುವುದಕ್ಕೂ ವ್ಯತ್ಯಾಸ ಇದೆ. ಬಾಯಿಗೆ ಬಂದದ್ದನ್ನು ಅರೆ ಕ್ಷಣದಲ್ಲಿ ಆಡುವ ಆಟ ಇದು. ಒಂದು ಸಲ ಜಾರಿದ ಮಾತನ್ನು ಮನುಷ್ಯನ ಗುಣ ಅಂತ ಬರೆಯಬೇಡಿ. ಅದೇ ಮಾತು ಮೂರು ಶೋಗಳಲ್ಲಿ, ಮೂರೂ ಸಲ ನಗು ಗಿಟ್ಟಿಸಲು ಬಂದರೆ ಆಗ ಅದು ಆಯ್ಕೆ.

ಇದಕ್ಕೆ ಒಳ್ಳೆ ಉದಾಹರಣೆ ಭಾಷೆಯ ಅಣಕ. ನಮ್ಮ ಸ್ಟೇಜುಗಳ ಮೇಲೆ ದಡ್ಡ ಪಾತ್ರ ಬೇಕು ಅಂದ ತಕ್ಷಣ ಧಾರವಾಡದ ಕನ್ನಡ ಬರುತ್ತದೆ. ಸೆಕ್ಯುರಿಟಿ ಅಣ್ಣ ಬೇಕೆಂದರೆ ಬೀದರಿನ ರಾಗ, ಲೇವಾದೇವಿಯವನು ಬೇಕೆಂದರೆ ಇನ್ಯಾರದೋ ಉಚ್ಚಾರ. ಜನ ನಗುತ್ತಾರೆ. ಎರಡನೇ ಸಾಲಿನಲ್ಲಿ ಹುಬ್ಬಳ್ಳಿಯಿಂದ ಬಂದು ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವ ಹುಡುಗಿ ಮಾತ್ರ ಸುಮ್ಮನೆ ಕೂತಿರುತ್ತಾಳೆ. ಇದನ್ನು ಎಲ್ಲರೆದುರು ಹೇಳಲೇಬೇಕು ಅಂತ ನನ್ನ ಅಭಿಪ್ರಾಯ. ಯಾಕೆಂದರೆ ತಪ್ಪು ನಡೆದದ್ದೂ ಎಲ್ಲರೆದುರು, ನೋವಾದದ್ದು ಪ್ರೇಕ್ಷಕರಿಗೆ. ಜೊತೆಗೆ ಇದು ಒಬ್ಬರ ಚಾಳಿ ಅಲ್ಲ, ಬಹುತೇಕ ತಂಡಗಳದ್ದು. ನಿಮ್ಮ ತಂಡವೂ ಅದರಲ್ಲಿ ಇದ್ದರೆ ಆ ಹೆಸರನ್ನೂ ಬರೆಯಿರಿ.

ಆ ರಾತ್ರಿ ಬೇಡ, ಗ್ರೀನ್ ರೂಮಿನಲ್ಲಂತೂ ಬೇಡ

ಆಡಿ ಇಳಿದವರ ಕಿವಿಗೆ ಆಗ ಏನೂ ಹೋಗುವುದಿಲ್ಲ. ಎದೆ ಇನ್ನೂ ಹೊಡೆದುಕೊಳ್ಳುತ್ತಿರುತ್ತದೆ. ಇಂಪ್ರೊವ್ ತಂಡಗಳಲ್ಲಿ ಒಂದು ಒಳ್ಳೆ ಪದ್ಧತಿ ಇದೆ: ನೋಟ್ಸ್ ಕೊಡುವುದು, ಅಂದರೆ ಆಟ ಹೇಗಿತ್ತು ಅಂತ ತಿದ್ದಿ ಹೇಳುವುದು, ಕೋಚ್ ಅಥವಾ ನಿರ್ದೇಶಕರ ಕೆಲಸ, ಜೊತೆಗೆ ಆಡಿದವರದ್ದಲ್ಲ. ನಾಳೆ ಇವನು ನನ್ನನ್ನು ಅಳೆಯುತ್ತಾನೆ ಅಂತ ಗೊತ್ತಿದ್ದರೆ ಸ್ಟೇಜ್ ಮೇಲೆ ಅವನನ್ನು ನಂಬಿ ಯಾರು ಆಡುತ್ತಾರೆ? ಒಂದೇ ತಂಡದಲ್ಲಿದ್ದರೆ ಕೋಚ್‌ಗೆ ಹೇಳಿ. ತಂಡದ ವಾಟ್ಸಾಪ್ ಗ್ರೂಪ್‌ನಲ್ಲಿ ಹೇಳಬೇಡಿ. ಅದು ಖಾಸಗಿ ಜಾಗ ಅಂತ ನಾವು ಅಂದುಕೊಂಡಿರುತ್ತೇವೆ, ಅಷ್ಟೇ.

ಬೇರೆ ತಂಡದವರಾದರೆ ಮಾರನೆಯ ದಿನ ನೇರ ಫೋನ್ ಮಾಡಿ. 'ಮಗಾ, ನಿನ್ನೆ ಶೋಗೆ ಬಂದಿದ್ದೆ. ಒಂದು ವಿಷಯ ಸರಿ ಅನ್ನಿಸಲಿಲ್ಲ, ಹೇಳಲಾ?' ಹಿರಿಯರಾದರೆ 'ಸರ್, ಐದು ನಿಮಿಷ ಬಿಡುವಿದ್ಯಾ?' ಅವರು 'ಬೇಡ' ಅಂದರೆ ಅಲ್ಲಿಗೆ ನಿಲ್ಲಿಸಿ. ಬೇಡ ಅನ್ನುವ ಹಕ್ಕು ಅವರಿಗಿದೆ. 'ಹೇಳು' ಅಂದರೆ ಹೇಳಿ, ಕೊನೆಗೆ ಇದನ್ನೂ ಸೇರಿಸಿ: 'ನಾನು ಇದರ ಬಗ್ಗೆ ಬರೆಯಬೇಕು ಅಂತಿದ್ದೀನಿ. ನಿಮ್ಮ ಕಡೆಯಿಂದ ಏನಾದರೂ ಇದ್ದರೆ ಹೇಳಿ, ಅದನ್ನೂ ಹಾಕ್ತೀನಿ.'

ಈ ಫೋನ್ ಮಾಡಿದ ಮೇಲೆ ಅರ್ಧಕ್ಕರ್ಧ ಸಲ ಬರೆಯುವ ಅಗತ್ಯವೇ ಉಳಿಯುವುದಿಲ್ಲ. ಆಡಿದವರಿಗೆ ತಮ್ಮ ಸೀನ್ ಎಲ್ಲಿ ಬಿತ್ತು ಅಂತ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಬರೆಯುವಾಗ

ಒಂದು ಕಲ್ಪನೆಯ ಶೋ ಇಟ್ಟುಕೊಳ್ಳೋಣ. ಪ್ರೇಕ್ಷಕರು ಕೊಟ್ಟ ಪದ 'ಅಡ್ವಾನ್ಸ್'. ಬೆಂಗಳೂರಿನಲ್ಲಿ ಆ ಪದ ಕೇಳಿದರೆ ಸಾಕು, ಇಡೀ ಸಭಾಂಗಣ ನಿಟ್ಟುಸಿರು ಬಿಡುತ್ತದೆ. ಸೀನ್ ಶುರುವಾಯಿತು. ಮನೆ ಖಾಲಿ ಮಾಡುತ್ತಿರುವ ಹುಡುಗಿ ಒಬ್ಬಳು, ಪೇಂಟಿಂಗ್ ಖರ್ಚು ಅಂತ ದುಡ್ಡು ಮುರಿದುಕೊಳ್ಳುವ ಓನರ್ ಆಂಟಿ ಒಬ್ಬರು. ಹುಡುಗಿ 'ಅಪ್ಪ ಆಸ್ಪತ್ರೆಯಲ್ಲಿದ್ದಾರೆ ಆಂಟಿ' ಅನ್ನುತ್ತಾಳೆ. ಅಷ್ಟರಲ್ಲಿ ಮೂರನೆಯವರು ಬ್ರೋಕರ್ ಆಗಿ ನುಗ್ಗುತ್ತಾರೆ. ಆಮೇಲೂ ಎರಡು ಸಲ ನುಗ್ಗುತ್ತಾರೆ. ಅಪ್ಪನ ವಿಷಯ ಹೋದದ್ದು ಹೋಯಿತು.

ಸಿಟ್ಟಿನಲ್ಲಿ ಬರುವ ಸಾಲು ಇದು:

'ಒಬ್ಬ ದೊಡ್ಡ ಮನುಷ್ಯ ನಿನ್ನೆ ಇಡೀ ಶೋ ತಿಂದು ತೇಗಿದ. ಹುಡುಗೀರಿಗೆ ಮಾತಾಡೋಕೇ ಬಿಡಲ್ಲ ಈ ಜನ. ಇಂಪ್ರೊವ್ ಅಂತೆ!'

ಇದರಲ್ಲಿ ಶೋ ಯಾವುದು ಅಂತ ಇಲ್ಲ. ಯಾರು ಅಂತ ಇಲ್ಲ, ಆದರೆ ಎಲ್ಲರಿಗೂ ಗೊತ್ತಾಗುತ್ತದೆ. 'ಈ ಜನ' ಅಂದಾಗ ಇಡೀ ಬಳಗ ಸೇರಿಹೋಯಿತು. ಓದಿದ ಆ ಮನುಷ್ಯ ಮುಂದಿನ ಶೋನಲ್ಲಿ ಏನು ಬದಲಾಯಿಸಬೇಕು? ಗೊತ್ತಿಲ್ಲ. ಈಗ ಇದನ್ನು ಓದಿ:

'ಶನಿವಾರದ ಶೋನಲ್ಲಿ ಅಡ್ವಾನ್ಸ್ ಅನ್ನುವ ಪದದ ಮೇಲೆ ಕಟ್ಟಿದ ಸೀನ್ ಚೆನ್ನಾಗಿ ಶುರುವಾಗಿತ್ತು. ಬಾಡಿಗೆ ಹುಡುಗಿ ಅಪ್ಪನ ಆಸ್ಪತ್ರೆ ವಿಷಯ ತೆಗೆದಾಗ ಸಭಾಂಗಣ ಸುಮ್ಮನಾಯಿತು. ಅದು ಸೀನ್‌ನ ಜೀವ. ಅದೇ ಹೊತ್ತಿಗೆ ಬ್ರೋಕರ್ ಪಾತ್ರ ಒಳಗೆ ಬಂತು. ಮೊದಲ ಸಲ ನಾವೆಲ್ಲ ನಕ್ಕೆವು, ನಾನೂ ನಕ್ಕೆ. ಮೂರನೇ ಸಲ ಬಂದಾಗ ಆಸ್ಪತ್ರೆ ವಿಷಯ ಪೂರ್ತಿ ಕಳೆದುಹೋಗಿತ್ತು. ಬ್ರೋಕರ್ ಒಂದು ಸಲ ಬಂದು ಹೋಗಿದ್ದರೆ ಸೀನ್ ಉಳಿಯುತ್ತಿತ್ತು ಅಂತ ನನಗೆ ಅನ್ನಿಸಿತು. ನಾನು ಇನ್ನೊಂದು ತಂಡದಲ್ಲಿ ಆಡುತ್ತೇನೆ, ಅದನ್ನು ಗಮನದಲ್ಲಿಟ್ಟುಕೊಂಡು ಇದನ್ನು ಓದಿ.'

'ಬ್ರೋಕರ್ ಪಾತ್ರ' ಅಂದ ಕಡೆ ಆಟಗಾರರ ಹೆಸರು ಸೇರಿಸಿ. ಶೋ ಹೆಸರು, ದಿನ ಹಾಕಿ. ಹುಡುಗಿ ಪಾತ್ರ ಮಾಡಿದವರ ಹೆಸರನ್ನೂ ಹಾಕಿ, ಹೊಗಳಿಕೆಗೂ ಹೆಸರು ಬೇಕು ಅಲ್ವಾ?

ಈ ಎರಡನೆಯದು ಉದ್ದ ಇದೆ, ಚಪ್ಪಾಳೆ ಕಮ್ಮಿ ಬೀಳುತ್ತದೆ. ಬೀಳಲಿ. ಕೊನೆಯ ಸಾಲನ್ನು ಮಾತ್ರ ಬಿಡಬೇಡಿ. ಅದೇ ಪ್ರೇಕ್ಷಕರು, ಅದೇ ವಾರಾಂತ್ಯ, ಅದೇ ಕೆಫೆ ಮಾಲೀಕರು. ನೀವು ಅವರ ಪೈಪೋಟಿಯಲ್ಲಿದ್ದೀರಿ ಅನ್ನುವುದು ಓದುವವರಿಗೆ ಗೊತ್ತಿರಬೇಕು. ಹಿಂದೆ ಅದೇ ತಂಡದಲ್ಲಿದ್ದು ಬಿಟ್ಟು ಬಂದವರಾದರೆ ಅದನ್ನೂ ಹೇಳಿ. ಜಗಳ ಆಡಿ ಬಂದವರಾದರೆ ದಯವಿಟ್ಟು ಬರೆಯಲೇಬೇಡಿ, ಬೇರೆಯವರು ಬರೆಯಲಿ.

ಮೈಬಣ್ಣ, ದಪ್ಪ, ಸಣ್ಣ, ಇಂಗ್ಲಿಷ್ ಉಚ್ಚಾರ, ಯಾರ ಜೊತೆ ಓಡಾಡುತ್ತಾರೆ, ಹಗಲು ಹೊತ್ತು ಎಲ್ಲಿ ಕೆಲಸ: ಇವು ಯಾವುವೂ ಬೇಡ. 'ಅವನಿಗೆ ಕಾಮಿಡಿ ಬರಲ್ಲ' ಅನ್ನುವುದೂ ಬೇಡ, ಅದಕ್ಕೆ ಅವನು ಮಾಡಬಹುದಾದದ್ದು ಏನೂ ಇಲ್ಲ.

ಕಾನೂನು ಏನು ಹೇಳುತ್ತದೆ

ಮಾನಹಾನಿ ನಮ್ಮಲ್ಲಿ ಅಪರಾಧ. 2024ರ ಜುಲೈ 1ರಿಂದ ಇದು ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿದೆ. ಮೊದಲು ದಂಡ ಸಂಹಿತೆಯ 499 ಮತ್ತು 500 ಆಗಿತ್ತು. ಎರಡು ವರ್ಷದವರೆಗೆ ಸಾದಾ ಸಜೆ, ದಂಡ, ಅಥವಾ ಎರಡೂ ಆಗಬಹುದು. ಈಗ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ಸೇರಿಸಿದ್ದಾರೆ.

ಹೆದರಬೇಡಿ, ಅದೇ ಸೆಕ್ಷನ್‌ನಲ್ಲಿ ನಮಗೆ ಬೇಕಾದ ವಿನಾಯಿತಿಯೂ ಇದೆ. ಸಾರ್ವಜನಿಕರ ತೀರ್ಪಿಗೆ ಒಪ್ಪಿಸಿದ ಪ್ರದರ್ಶನದ ಗುಣದೋಷಗಳ ಬಗ್ಗೆ ಸದ್ಭಾವನೆಯಿಂದ ಅಭಿಪ್ರಾಯ ಹೇಳಿದರೆ ಅದು ಮಾನಹಾನಿ ಆಗುವುದಿಲ್ಲ. ಸ್ಟೇಜ್ ಹತ್ತಿದ ನಟ, ಹಾಡುಗಾರ ತನ್ನ ಕಲೆಯನ್ನು ಜನರ ತೀರ್ಪಿಗೆ ಒಪ್ಪಿಸಿದ ಹಾಗೆಯೇ ಅಂತ ಕಾನೂನೇ ವಿವರಿಸುತ್ತದೆ. ಜೊತೆಗೆ ಒಂದು ಗೆರೆ ಎಳೆಯುತ್ತದೆ: ಆ ಮನುಷ್ಯನ ಸ್ವಭಾವದ ಬಗ್ಗೆ ಮಾತಾಡುವುದಾದರೆ ಪ್ರದರ್ಶನದಲ್ಲಿ ಕಂಡಷ್ಟೇ, ಅದರಾಚೆ ಇಲ್ಲ. 'ಜೊತೆಗಾರರ ಮಾತು ಕೇಳಿಸಿಕೊಳ್ಳಲಿಲ್ಲ' ಅನ್ನುವುದು ಗೆರೆಯ ಒಳಗೆ. 'ಟಿಕೆಟ್ ದುಡ್ಡು ನುಂಗಿದ' ಅನ್ನುವುದು ಹೊರಗೆ. ಅದು ಅಭಿಪ್ರಾಯ ಅಲ್ಲ, ಆರೋಪ. ಆರೋಪಕ್ಕೆ ದಾಖಲೆ ಬೇಕು. ದುಡ್ಡಿನ ಲೆಕ್ಕ ಬಾಕಿ ಇದ್ದರೆ ಆಯೋಜಕರಿಗೆ ದಿನಾಂಕ, ಮೊತ್ತ ಹಾಕಿ ಮೇಲ್ ಕಳಿಸಿ. ಸ್ಟೇಟಸ್ ಹಾಕಿದ್ದಕ್ಕೆ ಯಾರೂ ದುಡ್ಡು ಕೊಟ್ಟಿಲ್ಲ.

ಕಿರುಕುಳದ ವಿಷಯ ಬೇರೆ

ರಿಹರ್ಸಲ್‌ನಲ್ಲಿ ಬೇಡವೆಂದರೂ ಮುಟ್ಟುವುದು, ಸೀನ್ ನೆಪದಲ್ಲಿ ಮೈಮೇಲೆ ಬೀಳುವುದು, ರಾತ್ರಿ ಮೆಸೇಜ್ ಕಳಿಸುವುದು. ಇದು ವಿಮರ್ಶೆಯ ವಿಷಯವೇ ಅಲ್ಲ. 'ಮೊದಲು ಅವರಿಗೇ ಫೋನ್ ಮಾಡಿ' ಅನ್ನುವ ಮೇಲಿನ ಸಲಹೆ ಇಲ್ಲಿ ಅನ್ವಯಿಸುವುದಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಸಣ್ಣ ಸಂಸ್ಥೆಗಳ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ನಮ್ಮ ತಂಡಗಳು ಬಹುತೇಕ ಸಣ್ಣವೇ. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ತುರ್ತಾದರೆ 112, ಮಹಿಳಾ ಸಹಾಯವಾಣಿ 181.

ಈ ಕಾಯ್ದೆಯಡಿ ದೂರು ಕೊಟ್ಟ ಮೇಲೆ ದೂರಿನ ವಿವರ, ಸಂಬಂಧಪಟ್ಟವರ ಗುರುತು ಬಹಿರಂಗ ಮಾಡುವಂತಿಲ್ಲ. ಅದಕ್ಕಿಂತ ಮುಖ್ಯ, ಗೆಳತಿ ನಿಮ್ಮ ಹತ್ತಿರ ಹೇಳಿಕೊಂಡದ್ದು ಅವಳ ಕಥೆ. ಅವಳು ಹೇಳದ ಹೊರತು ನೀವು ಪೋಸ್ಟ್ ಮಾಡಬೇಡಿ, ಸುಳಿವೂ ಕೊಡಬೇಡಿ. ನೀವು ಮಾಡಬಹುದಾದದ್ದು ಅವಳ ಜೊತೆ ಹೋಗುವುದು, ಆ ಮನುಷ್ಯನ ಜೊತೆ ಆಡುವುದಿಲ್ಲ ಅಂತ ಆಯೋಜಕರಿಗೆ ಹೇಳುವುದು.

ಟೀಕೆ ಆಟದೊಳಗೇ ಇದ್ದರೆ

ಇದು ಸ್ವಲ್ಪ ಪಕ್ಕಕ್ಕೆ ಹೋದ ಮಾತು, ಆದರೆ ನನಗೆ ಇಷ್ಟದ್ದು. ಇಂಪ್ರೊವ್ ಕಲಿಸುತ್ತಿದ್ದ ರಂಗನಿರ್ದೇಶಕ ಕೀತ್ ಜಾನ್‌ಸ್ಟನ್ 1977ರ ಸುಮಾರಿಗೆ ಕೆನಡಾದ ಕ್ಯಾಲ್ಗರಿಯಲ್ಲಿ ಥಿಯೇಟರ್‌ಸ್ಪೋರ್ಟ್ಸ್ ಅನ್ನುವ ಪ್ರಕಾರ ಕಟ್ಟಿದರು. ಎರಡು ತಂಡ ಆಡುತ್ತವೆ, ತೀರ್ಪುಗಾರರು ಅಂಕ ಎತ್ತಿ ತೋರಿಸುತ್ತಾರೆ. ಸೀನ್ ಬೋರಾದರೆ ಹಾರ್ನ್ ಒತ್ತುತ್ತಾರೆ, ಆಟಗಾರರು ಇಳಿದು ಹೋಗಬೇಕು. ಪ್ರೇಕ್ಷಕರು ತೀರ್ಪುಗಾರರಿಗೇ ಬೈಯಬಹುದು! ಎಲ್ಲರೆದುರು ಇದಕ್ಕಿಂತ ಕಠಿಣ ಟೀಕೆ ಯಾವುದಿದೆ? ಆದರೂ ಯಾರೂ ಮುಖ ಊದಿಸಿಕೊಳ್ಳುವುದಿಲ್ಲ. ಒಪ್ಪಿಯೇ ಸ್ಟೇಜ್ ಹತ್ತಿದ್ದಾರೆ, ಹಾರ್ನ್ ಒಂದು ಕ್ಷಣಕ್ಕೆ ಮುಗಿಯುತ್ತದೆ, ನಗುತ್ತಾ ಇಳಿದು ಹೋದವರಿಗೆ ಚಪ್ಪಾಳೆ ಜಾಸ್ತಿ.

ಕರಾವಳಿಯ ತಾಳಮದ್ದಳೆ ನೋಡಿದವರಿಗೆ ಇದು ಹೊಸದಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಅರ್ಥಧಾರಿಗಳು ವೇಷವಿಲ್ಲದೆ ಎದುರುಬದುರು ಕೂತು, ಆ ಕ್ಷಣಕ್ಕೆ ಹೊಳೆದ ವಾದ ಮಂಡಿಸುತ್ತಾರೆ. ಎದುರಿನವರ ವಾದದಲ್ಲಿ ಹುಳುಕು ಕಂಡರೆ ಪಾತ್ರದ ಬಾಯಿಂದಲೇ ಹಿಡಿಯುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಆ ಕಲೆಯಲ್ಲಿ ಹೆಸರಾದವರು.

ನಿಮ್ಮ ತಂಡಕ್ಕೂ ಇಂಥದ್ದೊಂದು ಜಾಗ ಮಾಡಿಕೊಳ್ಳಬಹುದು. ತಿಂಗಳಿಗೊಂದು ಶೋ ಆದ ಮೇಲೆ ಇಪ್ಪತ್ತು ನಿಮಿಷ ಕುರ್ಚಿ ಹಾಕಿ ಕೂರಿ. ಬೇರೆ ತಂಡದ ಒಬ್ಬರು, ಪ್ರೇಕ್ಷಕರಲ್ಲಿ ಇಬ್ಬರು ಮಾತಾಡಲಿ. ಒಪ್ಪಿದವರು ಮಾತ್ರ ಕೂರಲಿ. ಇಷ್ಟಾದರೆ ಮಧ್ಯರಾತ್ರಿಯ ಸ್ಟೇಟಸ್‌ಗಳು ತಾವಾಗೇ ಕಮ್ಮಿಯಾಗುತ್ತವೆ.

ಪೋಸ್ಟ್ ಮಾಡಿದ ಮೇಲೆ

ಮೊದಲ ಕೆಲವು ಗಂಟೆ ಫೋನ್ ಹತ್ತಿರ ಇರಿ. ನಿಮ್ಮ ಮಾತಿಗಿಂತ ಕೆಳಗೆ ಬರುವ ಕಾಮೆಂಟುಗಳು ಜಾಸ್ತಿ ನೋಯಿಸುತ್ತವೆ. 'ಅವನು ಮೊದಲಿಂದಲೂ ಹಾಗೇ' ಅನ್ನುವಂಥದ್ದನ್ನು ತೆಗೆದುಹಾಕಿ. ಶೋ ನೋಡದೆ ಬೈಯುವವರಿಗೆ 'ನೀವು ನೋಡಿದ್ದೀರಾ?' ಅಂತ ಕೇಳಿ. ನೀವು ಬರೆದದ್ದರಲ್ಲಿ ತಪ್ಪಿದ್ದರೆ ಗುಟ್ಟಾಗಿ ಅಳಿಸಬೇಡಿ. ಮೇಲೆಯೇ 'ಇದು ತಪ್ಪು, ಸರಿ ಹೀಗೆ' ಅಂತ ಸೇರಿಸಿ. ಅವರು ಉತ್ತರ ಬರೆದರೆ ಒಂದು ಸಲ ಪ್ರತಿಕ್ರಿಯೆ ಕೊಡಿ. ಎರಡನೇ ಸುತ್ತು ಎದುರಾಎದುರು, ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತಾ ಆಗಲಿ.

ಟೀಕೆ ನಿಮ್ಮ ಮೇಲೇ ಬಂದಿದ್ದರೆ ಒಂದು ದಿನ ಏನೂ ಬರೆಯಬೇಡಿ. ಗೆಳೆಯರು ನಿಮ್ಮ ಪರವಾಗಿ ಕಿತ್ತಾಡಲು ಹೋದರೆ ತಡೆಯಿರಿ. ಆಮೇಲೆ 'ಓದಿದೆ, ಯೋಚಿಸ್ತೀನಿ' ಅಂದರೂ ಸಾಕು.

ಕೊನೆಗೆ ಮುಂದಿನ ಲೈನ್‌ಅಪ್ ವಿಷಯ. ನೀವು ಟೀಕಿಸಿದವರ ಜೊತೆಗೇ ಮುಂದಿನ ವಾರ ಸ್ಟೇಜ್ ಹತ್ತಬೇಕಾಗಿ ಬರುತ್ತದೆ, ಈ ಊರಿನಲ್ಲಿ ಅದು ತಪ್ಪುವುದಿಲ್ಲ. ಆಯೋಜಕರಿಗೆ ಮೊದಲೇ ಹೇಳಿಡಿ: 'ಅವರಿಗೆ ನನ್ನ ಜೊತೆ ಆಡಲು ಮನಸ್ಸಿಲ್ಲದಿದ್ದರೆ ನನ್ನನ್ನು ತೆಗೆಯಿರಿ, ಅವರನ್ನಲ್ಲ.' ಅವರು ಆಡುತ್ತೇನೆ ಅಂದರೆ ಶೋಗೆ ಅರ್ಧ ಗಂಟೆ ಮೊದಲು ಹೋಗಿ, ವಾರ್ಮ್ ಅಪ್‌ನಲ್ಲಿ ಅವರ ಪಕ್ಕವೇ ನಿಲ್ಲಿ. ಮೊದಲ ಸೀನ್‌ನಲ್ಲಿ ಅವರು ಏನು ಆಫರ್ ಇಟ್ಟರೂ ಎತ್ತಿಕೊಳ್ಳಿ. ಬ್ರೋಕರ್ ಆಗಿಯೇ ಬಂದರೂ ಸರಿ.